ನಿದ್ದೆಯಿಂದೆದ್ದ ಗಣಕವೂ ನಿಸ್ತಂತು ಸಂಪರ್ಕವೂ



ಮನುಷ್ಯನು ನಿದ್ದೆಯಿಂದೆದ್ದ ಕೂಡಲೆ ಅವನ ಇಂದ್ರಿಯಗಳೆಲ್ಲವೂ ಒಂದೇ ಸಲಕ್ಕೆ ಎಚ್ಚರಗೊಳ್ಳುವುದಿಲ್ಲ. ಕಣ್ಣು ತೆರೆದಿರುತ್ತದೆ, ಕಿವಿ ಇನ್ನೂ ಮಲಗಿರುತ್ತದೆ. ತಾಯಿ ಎರಡು ಸಲ ಕರೆದರೂ ಮೂರನೆಯ ಸಲಕ್ಕಷ್ಟೇ ಉತ್ತರ ಹೊರಡುತ್ತದೆ. ನಮ್ಮ ಶಾಲೆಯ ಗ್ರಂಥಾಲಯದಲ್ಲಿರುವ ಲ್ಯಾಪ್‌ಟಾಪಿಗೆ ಕಳೆದ ವರ್ಷ ಇಂತಹದೇ ಒಂದು ವ್ಯಾಧಿ ತಗುಲಿತ್ತು. ಮುಚ್ಚಳ ಹಾಕಿದರೆ ಮಲಗುತ್ತಿತ್ತು, ತೆಗೆದರೆ ಏಳುತ್ತಿತ್ತು. ಪರದೆ ಬೆಳಗುತ್ತಿತ್ತು, ಕೀಲಿಮಣೆ ಹೇಳಿದ ಮಾತು ಕೇಳುತ್ತಿತ್ತು. ವೈಫೈ ಮಾತ್ರ ಏಳುತ್ತಿರಲಿಲ್ಲ. ಆ ವ್ಯಾಧಿಯ ಮೂಲವನ್ನು ನಾವು ಹುಡುಕಿದ ಬಗೆಯನ್ನೂ, ಅಂತಹ ಸಂದರ್ಭದಲ್ಲಿ ನೀವು ಅನುಸರಿಸಬಹುದಾದ ಕ್ರಮವನ್ನೂ ಈ ಪಾಠದಲ್ಲಿ ಹೇಳಬೇಕೆಂದಿದ್ದೇವೆ.

ಈ ಯಂತ್ರವು ನಮಗೆ ಸುಮ್ಮನೆ ದೊರೆತುದಲ್ಲ. ಹಗಲು ಹೋಟೆಲುಗಳಲ್ಲಿ ದುಡಿದು ರಾತ್ರಿಶಾಲೆಯಲ್ಲಿ ಓದಿದ ಹಿರಿಯರು ಕೆಲವರು ಸೇರಿ ಹಣ ಕೂಡಿಸಿ ಕೊಟ್ಟದ್ದು. ವಯಸ್ಸಾದ ಯಂತ್ರವಾದುದರಿಂದ ಅದರಲ್ಲಿದ್ದ ಹಿಂದಿನ ವ್ಯವಸ್ಥೆಯು ಅದಕ್ಕೆ ಭಾರವಾಗಿತ್ತು. ಅದನ್ನು ತೆಗೆದು ಲಿನಕ್ಸನ್ನು ಸ್ಥಾಪಿಸಿದ್ದೆವು. ಮನೆಯಲ್ಲಿ ಗಣಕವಿಲ್ಲದ ಮಕ್ಕಳೇ ನಮ್ಮಲ್ಲಿ ಹೆಚ್ಚು. ಅವರ ಅರ್ಜಿಗಳು, ಪ್ರವೇಶಪತ್ರಗಳು, ಫಲಿತಾಂಶಗಳು ಎಲ್ಲವೂ ಈ ಒಂದು ಮೇಜಿನ ಮೇಲೆಯೇ ಆಗತಕ್ಕವು.

ಕಳೆದ ಮಳೆಗಾಲದ ಒಂದು ಶನಿವಾರ ಹತ್ತನೆಯ ತರಗತಿಯ ಹುಡುಗಿಯೊಬ್ಬಳು ವಿದ್ಯಾರ್ಥಿವೇತನದ ಅರ್ಜಿ ತುಂಬುತ್ತ ಕುಳಿತಿದ್ದಳು. ಅದೇ ಕೊನೆಯ ದಿನ. ಆದಾಯದ ದಾಖಲೆ ಬರುವುದು ತಡವಾಗಿ, ಅವಳ ತಂದೆ ಆ ದಿನವೇ ಅದನ್ನು ತಂದುಕೊಟ್ಟು ಕೆಲಸಕ್ಕೆ ಹೋಗಿದ್ದರು. ಅರ್ಧ ಅರ್ಜಿ ಮುಗಿಯಿತು. ಊಟದ ಗಂಟೆ ಹೊಡೆಯಿತು. ಹುಡುಗಿ ಮುಚ್ಚಳ ಹಾಕಿ ಡಬ್ಬಿ ಬಿಚ್ಚಲು ಹೋದಳು. ಮರಳಿ ಬಂದು ತೆರೆದರೆ ವೈಫೈಯ ಚಿಹ್ನೆಯೇ ಇಲ್ಲ! ಯಂತ್ರವನ್ನು ಪೂರ್ತಿ ಆರಿಸಿ ಹೊತ್ತಿಸಿದೆವು. ವೈಫೈ ಬಂತು, ಆದರೆ ತುಂಬಿದ ಅರ್ಧ ಅರ್ಜಿ ಹೋಯಿತು. ಹೊರಗೆ ಮಳೆ, ಒಳಗೆ ನಿಧಾನವಾದ ಜಾಲತಾಣ. ಮತ್ತೆ ಮೊದಲಿನಿಂದ ತುಂಬಿ ಕಳುಹಿಸುವಾಗ ರಾತ್ರಿ ಹತ್ತು ಗಂಟೆ ಸಮೀಪಿಸಿತ್ತು. ಅರ್ಜಿ ಸೇರಿತು, ನಿಜ. ಆದರೆ ಆ ಮಗುವಿನ ಮುಖವನ್ನು ಆ ಸಂಜೆ ಕಂಡವರಿಗೆ ಅದು ಮರೆಯುವಂತಹದಲ್ಲ.

ಸೋಮವಾರ ಈ ಸುದ್ದಿ ಶಾಲಾ ಸಮಿತಿಯವರ ಕಿವಿಗೆ ಬಿತ್ತು. ದುರಸ್ತಿಗಾರರೊಬ್ಬರು ಬಂದು ನೋಡಿ, “ವೈಫೈ ಕಾರ್ಡು ಸತ್ತುಹೋಗಿದೆ, ಇಂತಹ ಹಳೆಯ ಯಂತ್ರಕ್ಕೆ ಹಣ ಹಾಕುವುದಕ್ಕಿಂತ ಗುಜರಿಗೆ ಕೊಡುವುದು ಲೇಸು” ಎಂದರು. ಸಮಿತಿಯವರೂ ಹೆಚ್ಚುಕಡಿಮೆ ಒಪ್ಪಿದರು. ನಾವು ಹದಿನೈದು ದಿನಗಳ ಅವಕಾಶ ಬೇಡಿದೆವು. ಬೇಡಿದ್ದಕ್ಕೆ ಕಾರಣ ನಮ್ಮ ಪಾಂಡಿತ್ಯವಲ್ಲ. ನಾವು ಕನ್ನಡ ಮಾಧ್ಯಮದಲ್ಲಿ ಮೆಟ್ರಿಕ್ ಮುಗಿಸಿ ಹೊಟ್ಟೆಪಾಡಿಗಾಗಿ ಈ ಮುಂಬಯಿಗೆ ಬಂದವರು, ಗಣಕವಿದ್ಯೆಯನ್ನು ಪದಕೋಶ ಪಕ್ಕದಲ್ಲಿಟ್ಟುಕೊಂಡು ಕಲಿತವರು. ಆದರೆ ಒಂದು ಪ್ರಶ್ನೆ ನಮ್ಮನ್ನು ಬಿಡಲಿಲ್ಲ: ಕಾರ್ಡು ಸತ್ತಿದ್ದರೆ, ಯಂತ್ರವನ್ನು ಆರಿಸಿ ಹೊತ್ತಿಸಿದ ಮಾತ್ರಕ್ಕೆ ಅದು ಬದುಕುವುದು ಹೇಗೆ? ಸಡಿಲವಾಗಿ ಕುಳಿತ ಕಾರ್ಡು ಆಗಾಗ ಕೈಕೊಡುವುದುಂಟು. ಆದರೆ ಅದು ಯಂತ್ರ ಮಲಗುವುದನ್ನೇ ಕಾಯುತ್ತ ಕೂರುವುದಿಲ್ಲ. ಇಲ್ಲಿ ದೋಷವು ಪ್ರತಿಸಲವೂ ನಿದ್ದೆಯ ಬೆನ್ನಿಗೇ ಬರುತ್ತಿತ್ತು. ಆದಕಾರಣ ಮೊದಲು ನಿದ್ದೆಯೆಂದರೇನೆಂಬುದನ್ನು ತಿಳಿಯುವಾ.

ಗಣಕವನ್ನು ಆರಿಸಿದಾಗ ಅದರ ತಾತ್ಕಾಲಿಕ ಸ್ಮೃತಿ, ಅಂದರೆ ರ್‍ಯಾಮ್, ಬರಿದಾಗುತ್ತದೆ. ಮಲಗಿಸಿದಾಗ, ಅಂದರೆ ‘ಸಸ್ಪೆಂಡ್’ ಮಾಡಿದಾಗ, ಹಾಗಾಗುವುದಿಲ್ಲ. ರ್‍ಯಾಮಿನ ಕಣಗಳು ತೂತುಳ್ಳ ಚಿಕ್ಕ ಚಿಕ್ಕ ಕೊಡಗಳಿದ್ದಂತೆ. ಅವುಗಳಲ್ಲಿ ತುಂಬಿದ ವಿದ್ಯುತ್ತು ಸೋರುತ್ತಲೇ ಇರುತ್ತದೆ. ಸಾಮಾನ್ಯವಾಗಿ 64 ಮಿಲಿಸೆಕೆಂಡುಗಳ ಒಳಗೆ ಒಂದು ಸಲ ಅವನ್ನು ಮತ್ತೆ ತುಂಬಬೇಕು. ನಿದ್ದೆಯಲ್ಲಿ ಈ ತುಂಬುವ ಕೆಲಸವೊಂದು ನಿಲ್ಲದೆ ನಡೆಯುತ್ತದೆ. ಮಿಕ್ಕ ಅಂಗಗಳಿಗೆ ಹೋಗುವ ವಿದ್ಯುತ್ತನ್ನು ಸಾಧ್ಯವಾದಷ್ಟು ಕಡಿದುಹಾಕಲಾಗುತ್ತದೆ. ಆದುದರಿಂದಲೇ ಎದ್ದ ಕೂಡಲೆ ನೀವು ಬಿಟ್ಟ ಪುಟ ಬಿಟ್ಟಲ್ಲಿಯೇ ಕಾಣುತ್ತದೆ. ಯಾವ ಅಂಗ ಹೇಗೆ ಮಲಗಬೇಕು, ಹೇಗೆ ಏಳಬೇಕು ಎಂಬ ನಿಯಮಗಳನ್ನು ಎಸಿಪಿಐ ಎಂಬ ಒಡಂಬಡಿಕೆಯಲ್ಲಿ ಬರೆದಿಟ್ಟಿದ್ದಾರೆ. ಇಂಟೆಲ್, ಮೈಕ್ರೋಸಾಫ್ಟ್, ತೋಶಿಬಾ ಸಂಸ್ಥೆಗಳು ಸೇರಿ 1996ರಲ್ಲಿ ಅದನ್ನು ಪ್ರಕಟಿಸಿದುವು. ಲಿನಕ್ಸಾದರೋ ಅದಕ್ಕೂ ಹಿರಿದು. ಫಿನ್‌ಲೆಂಡಿನ ಹೆಲ್ಸಿಂಕಿ ವಿಶ್ವವಿದ್ಯಾಲಯದ ವಿದ್ಯಾರ್ಥಿ ಲೀನಸ್ ಟೊರ್ವಾಲ್ಡ್ಸ್ 1991ರಲ್ಲಿ, ತನ್ನ ಇಪ್ಪತ್ತೊಂದನೆಯ ವಯಸ್ಸಿನಲ್ಲಿ, ಅದನ್ನು ಜಗತ್ತಿಗೆ ತಿಳಿಸಿದನು. ನಿಮಗಿಂತ ನಾಲ್ಕೈದು ವರ್ಷ ದೊಡ್ಡವನಷ್ಟೇ!

ನಿದ್ದೆಯಲ್ಲಿಯೂ ಎರಡು ಬಗೆಗಳುಂಟು. ಒಂದು ಗಾಢನಿದ್ರೆ: ಸಂಸ್ಕಾರಕದ ವಿದ್ಯುತ್ತೂ ಹೋಗಿ ರ್‍ಯಾಮ್ ಒಂದೇ ಎಚ್ಚರವಿರುವುದು. ಲಿನಕ್ಸು ಇದನ್ನು ‘ಡೀಪ್’ ಎನ್ನುತ್ತದೆ. ಇನ್ನೊಂದು ಕಾಗೆನಿದ್ರೆ: ಸಂಸ್ಕಾರಕವು ಆರದೆ, ಕೆಲಸವನ್ನಷ್ಟೇ ನಿಲ್ಲಿಸಿ ತೂಕಡಿಸುವುದು. ಇದರ ಹೆಸರು ‘ಎಸ್2ಐಡಲ್’. ಈಚೆಗಿನ ಅನೇಕ ಯಂತ್ರಗಳು ಕಾಗೆನಿದ್ರೆಯವೇ. ಇದನ್ನು ಏಕೆ ಹೇಳುತ್ತಿದ್ದೇವೆಂಬುದು ಮುಂದೆ ತಿಳಿಯುವುದು.

ಇನ್ನು ಏಳುವ ಕ್ರಮ. ಇಲ್ಲಿಯೇ ನಮ್ಮ ಕಥೆಯ ತಿರುಳಿರುವುದರಿಂದ ಸ್ವಲ್ಪ ನಿಂತು ನೋಡಬೇಕು. ನಮ್ಮೂರಿನ ತೋಟದಲ್ಲಿ ಒಂದು ಪಂಪ್‌ಸೆಟ್ಟಿತ್ತು. ಕರೆಂಟು ಹೋಗಿ ಬಂದ ಮೇಲೆ ಗುಂಡಿ ಒತ್ತಿದರೆ ಮೋಟಾರು ಗುಂಯ್‌ಗುಡುತ್ತಿತ್ತು, ಆದರೆ ಕೊಳವೆಯಲ್ಲಿ ಒಂದು ಹನಿ ನೀರಿಲ್ಲ. ಕಾರಣವೆಂದರೆ ಬಾವಿಯ ತಳದ ಫುಟ್‌ವಾಲ್ವು ಸೋರಿ, ಪಂಪು ನಿಂತಿದ್ದ ಹೊತ್ತಿನಲ್ಲಿ ಕೊಳವೆಯ ನೀರೆಲ್ಲ ಕೆಳಗಿಳಿದು ಹೋಗಿರುತ್ತಿತ್ತು. ಅಜ್ಜ ಬೈಯುತ್ತ ಮೇಲಿನಿಂದ ಎರಡು ಕೊಡ ನೀರು ಹೊಯ್ದು ತುಂಬಿಸಿದ ಮೇಲೆಯೇ ಪಂಪು ನೀರೆತ್ತುತ್ತಿತ್ತು. ಮೋಟಾರು ಸತ್ತಿರಲಿಲ್ಲ, ವಿದ್ಯುತ್ತೂ ಇತ್ತು. ನಡುವೆ ಒಂದು ತುಂಬಿಸುವ ಕೆಲಸ ತಪ್ಪಿತ್ತು.

ವೈಫೈ ಕಾರ್ಡಿನ ಸಂಗತಿಯೂ ಹಾಗೆಯೇ. ಅದರೊಳಗೆ ತನ್ನದೇ ಆದ ಒಂದು ಪುಟ್ಟ ಸಂಸ್ಕಾರಕವಿರುತ್ತದೆ. ಅದಕ್ಕೆ ಬೇಕಾದ ಕ್ರಮವಿಧಿಯನ್ನು ಫರ್ಮ್‌ವೇರ್ ಎನ್ನುತ್ತಾರೆ. ಹೆಚ್ಚಿನ ಕಾರ್ಡುಗಳಲ್ಲಿ ಈ ಫರ್ಮ್‌ವೇರ್ ಕಾರ್ಡಿನಲ್ಲಿಯೇ ಶಾಶ್ವತವಾಗಿ ಉಳಿಯುವುದಿಲ್ಲ. ಗಣಕದ ಡಿಸ್ಕಿನಲ್ಲಿದ್ದು, ಕಾರ್ಡು ಎದ್ದಾಗಲೆಲ್ಲ ಅದಕ್ಕೆ ತುಂಬಿಸತಕ್ಕದ್ದು. ತುಂಬಿಸುವವನು ‘ಡ್ರೈವರ್’ ಅಥವಾ ಚಾಲಕ. ಇವನು ಲಿನಕ್ಸಿನ ಹೃದಯಭಾಗವಾದ ಕರ್ನೆಲಿನ ನೌಕರ. ಮಲಗುವ ಮುನ್ನ ಕರ್ನೆಲ್ ಪ್ರತಿಯೊಂದು ಕಾರ್ಡಿನ ವಿನ್ಯಾಸದ ಅಂಕಿಗಳನ್ನು ಬರೆದಿಟ್ಟುಕೊಳ್ಳುತ್ತದೆ. ಎದ್ದ ಮೇಲೆ ವಿದ್ಯುತ್ತನ್ನು ಮರಳಿ ಕೊಟ್ಟು ಆ ಅಂಕಿಗಳನ್ನು ಮತ್ತೆ ತುಂಬುತ್ತದೆ. ಬಳಿಕ ಚಾಲಕನು ಕಾರ್ಡನ್ನು ಮಾತಾಡಿಸಿ ಫರ್ಮ್‌ವೇರನ್ನು ನಡೆಯಿಸುತ್ತಾನೆ. ಆಮೇಲೆ ನೆಟ್‌ವರ್ಕ್‌ಮ್ಯಾನೇಜರ್ ಎಂಬ ಮೇಲ್ವಿಚಾರಕನು ಸುತ್ತಲಿನ ರೌಟರುಗಳನ್ನು ಹುಡುಕಿ, ಗುಪ್ತಪದದಿಂದ ಕೈಕುಲುಕಿ, ವಿಳಾಸವೊಂದನ್ನು ಬೇಡಿ ಪಡೆಯುತ್ತಾನೆ. ಕೊನೆಗೆ ತಾಣಗಳ ಹೆಸರನ್ನು ಅಂಕಿಯಾಗಿಸುವ ಸೇವೆ ಸಿಕ್ಕಬೇಕು. ಇಷ್ಟೂ ಆದರೆ ಪುಟ ತೆರೆಯುತ್ತದೆ. ಸರಪಳಿಯ ಒಂದು ಕೊಂಡಿ ಕಳಚಿದರೂ ಹೊರಗೆ ಕಾಣುವ ಲಕ್ಷಣ ಒಂದೇ: ‘ನೆಟ್ ಇಲ್ಲ’. ವೈದ್ಯನಿಗೆ ‘ಜ್ವರ’ ಎಂದಷ್ಟೇ ಹೇಳಿದಂತೆ! ಯಾವ ಕೊಂಡಿ ಎಂಬುದನ್ನು ಹುಡುಕುವುದೇ ಮುಖ್ಯ ಕೆಲಸ. ಆರಿಸಿ ಹೊತ್ತಿಸುವುದರಿಂದ ಎಲ್ಲ ಕೊಂಡಿಗಳೂ ಒಟ್ಟಿಗೆ ಹೊಸದಾಗುವುದರಿಂದ ರೋಗ ಶಮನವಾಗುತ್ತದೆ, ಆದರೆ ಯಾವುದು ಕಳಚಿತ್ತೆಂಬುದು ತಿಳಿಯುವುದೇ ಇಲ್ಲ. ಆದುದರಿಂದ ದೋಷ ಕಂಡಾಗ ಅವಸರದಿಂದ ಯಂತ್ರವನ್ನು ಆರಿಸಬಾರದು. ಸಾಕ್ಷಿ ಅಳಿಸಿಹೋಗುತ್ತದೆ.

ಪರೀಕ್ಷೆಗೆ ತೊಡಗುವ ಮುನ್ನ ಒಂದು ಸೂಚನೆ. ನಮ್ಮ ಸಂಚಿಕೆಯ ನಿಯಮದಂತೆ ಆಜ್ಞೆಗಳನ್ನು ಕನ್ನಡ ಲಿಪಿಯಲ್ಲಿ ಬರೆದಿದ್ದೇವೆ. ಟರ್ಮಿನಲ್ ಎಂಬ ಕಪ್ಪು ಕಿಟಕಿಯಲ್ಲಿ ಅವನ್ನು ಇಂಗ್ಲಿಷಿನ ಸಣ್ಣಕ್ಷರಗಳಲ್ಲಿ ಟೈಪು ಮಾಡತಕ್ಕದ್ದು. ಅಕ್ಷರಗಳು ನಿಮಗೆ ಹೊಳೆಯದಿದ್ದರೆ ವಿರಾಮದಲ್ಲಿ ಬಂದು ಕೇಳಿರಿ.

ಎಲ್ಲಕ್ಕಿಂತ ಮೊದಲು ಒಂದು ಮೊಬೈಲನ್ನು ಅದೇ ವೈಫೈಗೆ ಸೇರಿಸಿ ನೋಡಿರಿ. ಮೊಬೈಲಿಗೂ ನೆಟ್ ಇಲ್ಲವಾದರೆ ತಪ್ಪು ರೌಟರಿನದು. ಲ್ಯಾಪ್‌ಟಾಪಿನ ಮೇಲೆ ಕೈಮಾಡಬೇಕಾಗಿಲ್ಲ. ಹಾಸ್ಯವೆನಿಸಬಹುದು, ಆದರೆ ನಾವೇ ಒಂದು ಸಂಜೆಯೆಲ್ಲ ಲ್ಯಾಪ್‌ಟಾಪನ್ನು ಬೈದು, ಕಡೆಗೆ ರೌಟರಿನ ತಂತಿಯನ್ನು ಕಸ ಗುಡಿಸುವಾಗ ಯಾರೋ ಕಿತ್ತಿದ್ದುದನ್ನು ಕಂಡೆವು.

ಮೊಬೈಲು ಸರಿಯಿದ್ದರೆ ‘ಆರ್‌ಎಫ್‌ಕಿಲ್ ಲಿಸ್ಟ್’ ಎಂದು ಕೇಳಬೇಕು. ರೇಡಿಯೋವನ್ನು ಯಾರಾದರೂ ತಡೆದಿದ್ದಾರೆಯೇ ಎಂಬುದನ್ನು ಇದು ಹೇಳುತ್ತದೆ. ತಡೆ ಎರಡು ವಿಧ. ‘ಸಾಫ್ಟ್’ ತಡೆಯು ತಂತ್ರಾಂಶದ್ದು. ‘ಆರ್‌ಎಫ್‌ಕಿಲ್ ಅನ್‌ಬ್ಲಾಕ್ ವೈಫೈ’ ಎಂದರೆ ತೆರವಾಗುತ್ತದೆ. ‘ಹಾರ್ಡ್’ ತಡೆಯು ಯಂತ್ರದ ಅಂಚಿನಲ್ಲಿರುವ ಗುಂಡಿಯದು, ಅಥವಾ ವಿಮಾನದ ಚಿತ್ರವಿರುವ ಕೀಲಿಯದು. ಅದನ್ನು ಬೆರಳಿನಿಂದಲೇ ಸರಿಪಡಿಸಬೇಕು, ಆಜ್ಞೆಗೆ ಬಗ್ಗುವುದಿಲ್ಲ. ನಮ್ಮ ಯಂತ್ರದಲ್ಲಿ ಎರಡು ಕಡೆಯೂ ‘ನೋ’ ಎಂದೇ ಬಂತು. ತಡೆಯಿಲ್ಲ.

ಅನಂತರ ‘ಎನ್‌ಎಂಸಿಎಲ್‌ಐ ಡಿವೈಸ್ ಸ್ಟೇಟಸ್’. ಇದು ಮೇಲ್ವಿಚಾರಕನ ಹಾಜರಿಪುಸ್ತಕ. ವೈಫೈ ಎಂಬ ಸಾಲಿನ ಎದುರು ‘ಡಿಸ್‌ಕನೆಕ್ಟೆಡ್’ ಎಂದಿದ್ದರೆ ಕಾರ್ಡು ಕ್ಷೇಮವಾಗಿದೆ, ಸಂಬಂಧ ಮಾತ್ರ ಕೂಡಿಲ್ಲ; ‘ಎನ್‌ಎಂಸಿಎಲ್‌ಐ ಡಿವೈಸ್ ವೈಫೈ ರಿಸ್ಕ್ಯಾನ್’ ಎಂದು ಹೇಳಿ ತುಸು ಕಾದು ಮತ್ತೆ ಸೇರಿಸಬಹುದು. ‘ಅನ್‌ಅವೈಲಬಲ್’ ಎಂದಿದ್ದರೆ ಕಾರ್ಡಿನ ಹೆಸರು ಪುಸ್ತಕದಲ್ಲಿದೆ, ಆಸಾಮಿ ಉತ್ತರ ಕೊಡುತ್ತಿಲ್ಲ. ಆ ಸಾಲೇ ಇಲ್ಲದಿದ್ದರೆ ದೋಷ ಇನ್ನೂ ಕೆಳಗಿದೆ. ನಮಗೆ ಕಂಡದ್ದು ನಡುವಿನದು: ‘ಅನ್‌ಅವೈಲಬಲ್’.

ಒಮ್ಮೊಮ್ಮೆ ಮಲಗಿ ಎದ್ದ ಮೇಲೆ ಮೇಲ್ವಿಚಾರಕನೇ ತಾನಿನ್ನೂ ನಿದ್ದೆಯಲ್ಲಿದ್ದೇನೆಂದು ಭಾವಿಸಿಕೊಂಡಿರುತ್ತಾನೆ. ‘ಎನ್‌ಎಂಸಿಎಲ್‌ಐ ಜನರಲ್ ಸ್ಟೇಟಸ್’ ಎಂದಾಗ ‘ಅಸ್ಲೀಪ್’ ಎಂದು ಬಂದರೆ ಇದೇ ಅವಸ್ಥೆ. ‘ಸುಡೊ ಸಿಸ್ಟಮ್‌ಸಿಟಿಎಲ್ ರಿಸ್ಟಾರ್ಟ್ ನೆಟ್‌ವರ್ಕ್‌ಮ್ಯಾನೇಜರ್’ ಎಂದು ಅವನ ಮುಖಕ್ಕೆ ನೀರೆರಚಿದರೆ ಸರಿಹೋಗುವುದು. (ಈ ಹೆಸರಿನಲ್ಲಿ ಮಾತ್ರ ಎನ್ ಮತ್ತು ಎಂ ದೊಡ್ಡಕ್ಷರಗಳು.) ನಾವೂ ಹೀಗೆ ಮಾಡಿ ನೋಡಿದೆವು. ಪ್ರಯೋಜನವಾಗಲಿಲ್ಲ. ಆದರೂ ಆ ವಿಫಲತೆಯಿಂದ ಒಂದು ತಿಳಿಯಿತು: ದೋಷವು ಮೇಲ್ವಿಚಾರಕನಲ್ಲಿಲ್ಲ.

ಒಂದು ಮೆಟ್ಟಿಲು ಕೆಳಗಿಳಿದು ‘ಎಲ್‌ಎಸ್‌ಪಿಸಿಐ ಅಡ್ಡಗೆರೆ ಕೆ’ ಎಂಬ ಆಜ್ಞೆ ಕೊಟ್ಟೆವು. ಯಂತ್ರದೊಳಗಿನ ಕಾರ್ಡುಗಳ ಪಟ್ಟಿಯೂ, ಪ್ರತಿಯೊಂದರ ಚಾಲಕನ ಹೆಸರೂ ಇದರಿಂದ ಕಾಣುತ್ತವೆ. ನಮ್ಮ ಕಾರ್ಡು ಪಟ್ಟಿಯಲ್ಲಿತ್ತು. ನೋಡಿರಿ, ಸತ್ತುಹೋಗಿದೆಯೆಂದ ಕಾರ್ಡು ತನ್ನ ಹೆಸರು ಹೇಳುತ್ತಿತ್ತು! ಇಂಟೆಲಿನ ಕಾರ್ಡುಗಳಿಗೆ ಚಾಲಕನು ಹೆಚ್ಚಾಗಿ ‘ಐಡಬ್ಲ್ಯುಎಲ್‌ವೈಫೈ’. ಅಥೆರಾಸಿನ ಕೆಲವಕ್ಕೆ ‘ಎಟಿಎಚ್9ಕೆ’ ಅಥವಾ ‘ಎಟಿಎಚ್10ಕೆ’ ಬಳಗದವನು. ನಿಮ್ಮ ಯಂತ್ರದಲ್ಲಿ ಕಾಣುವ ಹೆಸರನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳತಕ್ಕದ್ದು.

ಇನ್ನುಳಿದದ್ದು ಕರ್ನೆಲಿನ ದಿನಚರಿ. ‘ಸುಡೊ ಡಿಎಂಇಎಸ್‌ಜಿ’ ಎಂದರೆ ಅದು ಪುಟಪುಟವಾಗಿ ಇಳಿಯುತ್ತದೆ; ಮೊದಲ ಸಲ ನೋಡಿದವರು ಹೆದರುವುದು ಸಹಜ. ಹೆದರಬೇಕಾಗಿಲ್ಲ. ಅದರಲ್ಲಿ ‘ಸಸ್ಪೆಂಡ್ ಎಂಟ್ರಿ’ ಎಂಬ ಸಾಲೊಂದು, ‘ಸಸ್ಪೆಂಡ್ ಎಕ್ಸಿಟ್’ ಎಂಬ ಸಾಲೊಂದು ಇರುತ್ತವೆ. ಮೊದಲನೆಯದು ಮಲಗಿದ ಗಳಿಗೆ, ಎರಡನೆಯದು ಎದ್ದ ಗಳಿಗೆ. ಈ ಎರಡರ ನಡುವೆ, ಹಾಗೂ ಎರಡನೆಯದರ ಕೆಳಗಿನ ಕೆಲವು ಸಾಲುಗಳಲ್ಲಿ, ನಿಮ್ಮ ಚೀಟಿಯ ಹೆಸರು ಎಲ್ಲಿದೆಯೆಂದು ಹುಡುಕಿರಿ. ಸಾವಿರ ಸಾಲುಗಳಲ್ಲಿ ನಿಮಗೆ ಬೇಕಾದವು ಐದೋ ಆರೋ. ನಮ್ಮ ಚಾಲಕನು ಅಲ್ಲಿ ಸ್ಪಷ್ಟವಾಗಿಯೇ ದೂರು ಬರೆದಿದ್ದನು: ಫರ್ಮ್‌ವೇರನ್ನು ನಡೆಯಿಸಲು ಯತ್ನಿಸಿದೆ, ಕಾರ್ಡು ನಿಗದಿಯ ಹೊತ್ತಿನೊಳಗೆ ಉತ್ತರ ಕೊಡಲಿಲ್ಲ, ಕೈಬಿಟ್ಟೆ ಎಂದು. ಓದಿದಾಗ ನಮ್ಮಜ್ಜನ ಪಂಪು ಕಣ್ಣ ಮುಂದೆ ನಿಂತಿತು.

ಹಾಗಾದರೆ ಮೇಲಿನಿಂದ ನೀರು ಹೊಯ್ಯುವುದು ಹೇಗೆ? ಚಾಲಕನನ್ನು ಕೆಲಸದಿಂದ ಬಿಡಿಸಿ ಮತ್ತೆ ನೇಮಿಸಬೇಕು. ‘ಸುಡೊ ಮಾಡ್‌ಪ್ರೋಬ್ ಅಡ್ಡಗೆರೆ ಆರ್’ ಎಂದು ಬರೆದು ಮುಂದೆ ಚಾಲಕನ ಹೆಸರು ಬರೆದರೆ ಅವನು ಹೊರಗೆ. ‘ಸುಡೊ ಮಾಡ್‌ಪ್ರೋಬ್’ ಎಂದು ಬರೆದು ಹೆಸರು ಬರೆದರೆ ಮತ್ತೆ ಒಳಗೆ. ಒಳಬಂದವನು ಕಾರ್ಡನ್ನು ಹೊಸದಾಗಿ ಎಬ್ಬಿಸಿ ಫರ್ಮ್‌ವೇರನ್ನು ಮೊದಲಿನಿಂದ ತುಂಬುತ್ತಾನೆ. ನಾವು ಹೀಗೆ ಮಾಡಿ ಉಸಿರು ಬಿಗಿಹಿಡಿದು ಕುಳಿತೆವು. ಎಂಟು ಹತ್ತು ಸೆಕೆಂಡಿನಲ್ಲಿ ವೈಫೈಯ ಚಿಹ್ನೆ ಮೂಡಿತು. ಯಂತ್ರವನ್ನು ಆರಿಸಿರಲಿಲ್ಲ; ತೆರೆದ ಪುಟಗಳೆಲ್ಲ ಹಾಗೆಯೇ ಇದ್ದುವು. (ಕೆಲವು ಚಾಲಕರು ಜೋಡಿಯಾಗಿರುತ್ತಾರೆ. ಇಂಟೆಲಿನ ಅನೇಕ ಕಾರ್ಡುಗಳಲ್ಲಿ ‘ಐಡಬ್ಲ್ಯುಎಲ್‌ಎಂವಿಎಂ’ ಎಂಬವನನ್ನು ಮೊದಲು ಬಿಡಿಸದೆ ‘ಐಡಬ್ಲ್ಯುಎಲ್‌ವೈಫೈ’ ಹೊರಡುವುದಿಲ್ಲ. ‘ಬಳಕೆಯಲ್ಲಿದೆ’ ಎಂಬ ತಕರಾರು ಬರುತ್ತದೆ.)

ಪ್ರತಿಸಲವೂ ಗುರುಗಳು ಬಂದು ಆಜ್ಞೆ ಬರೆಯುವುದಾದರೆ ಅದು ಚಿಕಿತ್ಸೆಯೆನಿಸದು. ಮಲಗುವಾಗಲೂ ಏಳುವಾಗಲೂ ತಾನಾಗಿಯೇ ನಡೆಯುವ ಚಿಕ್ಕ ಕಡತಗಳಿಗಾಗಿ ಲಿನಕ್ಸಿನ ಸಿಸ್ಟಮ್‌ಡಿ ಎಂಬ ವ್ಯವಸ್ಥೆಯು ಒಂದು ಸ್ಥಳವನ್ನು ಕಾದಿರಿಸಿದೆ. ಅದರ ವಿಳಾಸ ನಮ್ಮ ಚಾಳುಗಳ ವಿಳಾಸದಂತೆ ಒಂದರೊಳಗೊಂದು: ‘ಯುಎಸ್‌ಆರ್’ ಒಳಗೆ ‘ಲಿಬ್’, ಅದರೊಳಗೆ ‘ಸಿಸ್ಟಮ್‌ಡಿ’, ಅದರೊಳಗೆ ‘ಸಿಸ್ಟಮ್ ಸ್ಲೀಪ್’, ಈ ಕೊನೆಯ ಎರಡು ಪದಗಳ ನಡುವೆ ಅಡ್ಡಗೆರೆಯುಂಟು. ಇಲ್ಲಿಟ್ಟ ಪ್ರತಿಯೊಂದು ಕಡತವನ್ನೂ ಯಂತ್ರವು ಮಲಗುವ ಮುನ್ನ ‘ಪ್ರಿ’ ಎಂಬ ಮಾತು ಹೇಳಿ ಕರೆಯುತ್ತದೆ; ಎದ್ದ ಮೇಲೆ ‘ಪೋಸ್ಟ್’ ಎಂದು ಹೇಳಿ ಕರೆಯುತ್ತದೆ. ನಾವು ಬರೆದ ಕಡತದಲ್ಲಿ ಇದ್ದುದು ಇಷ್ಟೇ: ‘ಪ್ರಿ’ ಎಂದರೆ ಚಾಲಕನನ್ನು ಬಿಡಿಸು, ‘ಪೋಸ್ಟ್’ ಎಂದರೆ ನೇಮಿಸು. ಮಲಗುವ ಮೊದಲೇ ಚಾಲಕನನ್ನು ಮನೆಗೆ ಕಳುಹಿಸಿದರೆ, ಎದ್ದಾಗ ಅವನು ಹಳೆಯ ನೆನಪುಗಳೊಂದಿಗೆ ತಡಕಾಡುವ ಪ್ರಸಂಗವೇ ಬರುವುದಿಲ್ಲ.

ಕಡತ ಬರೆದಾಯಿತು, ಇಟ್ಟಾಯಿತು, ಯಂತ್ರವನ್ನು ಮಲಗಿಸಿ ಎಬ್ಬಿಸಿದೆವು. ವೈಫೈ ಇಲ್ಲ! ಅಕ್ಷರ ಅಕ್ಷರ ತಿದ್ದಿದೆವು. ಮತ್ತೂ ಇಲ್ಲ. ಎರಡು ದಿನ ಹೀಗೆಯೇ ಹೋದುವು. ಸಮಿತಿಯ ಅವಧಿಯಲ್ಲಿ ಉಳಿದದ್ದು ಮೂರೇ ದಿನ. ಮೂರನೆಯ ದಿನ ಒಂಬತ್ತನೆಯ ತರಗತಿಯ ಹುಡುಗನೊಬ್ಬ ನಮ್ಮ ಹೆಗಲ ಹಿಂದೆ ನಿಂತು ಕಡತಗಳ ಪಟ್ಟಿಯನ್ನು ನೋಡುತ್ತಿದ್ದವನು, “ಸರ್, ಬೇರೆ ಕಡತಗಳ ಸಾಲಿನಲ್ಲಿ ‘ಎಕ್ಸ್’ ಎಂಬ ಅಕ್ಷರ ಇದೆ, ನಮ್ಮದರಲ್ಲಿ ಇಲ್ಲವಲ್ಲ” ಎಂದನು. ಆ ಅಕ್ಷರವು ‘ಈ ಕಡತವನ್ನು ನಡೆಯಿಸಬಹುದು’ ಎಂಬ ಅನುಮತಿಯ ಗುರುತು. ಅದಿಲ್ಲದ ಕಡತವನ್ನು ಯಂತ್ರವು ತಕರಾರಿಲ್ಲದೆ ದಾಟಿ ಹೋಗುತ್ತದೆ. ‘ಸುಡೊ ಸಿಎಚ್‌ಮಾಡ್ ಪ್ಲಸ್ ಎಕ್ಸ್’ ಎಂದು ಕಡತದ ಹೆಸರಿನೊಡನೆ ಬರೆದೆವು. ಕೆಲಸವಾಯಿತು. ಆ ಹುಡುಗನ ಕಣ್ಣಿಗೆ ಬಿದ್ದದ್ದು ನಮ್ಮ ಕಣ್ಣಿಗೆ ಬೀಳದಿದ್ದುದಕ್ಕೆ ನಾಚಿದೆವು, ಅವನಿಗೆ ಒಂದು ವಡಾಪಾವನ್ನೂ ಕೊಡಿಸಿದೆವು.

ಒಂದು ಸಲ ಸರಿಹೋದುದನ್ನು ಗುಣವೆನ್ನಲಾಗದು. ‘ಸುಡೊ ಆರ್‌ಟಿಸಿವೇಕ್’ ಎಂಬ ಆಜ್ಞೆಯಿದೆ. ಅದಕ್ಕೆ ‘ಅಡ್ಡಗೆರೆ ಎಂ ಮೆಮ್, ಅಡ್ಡಗೆರೆ ಎಸ್ 30’ ಎಂದು ಸೇರಿಸಿದರೆ ಯಂತ್ರವು ಮೂವತ್ತು ಸೆಕೆಂಡು ಮಲಗಿ ತಾನಾಗಿಯೇ ಏಳುತ್ತದೆ. ಮಕ್ಕಳು ಸರದಿಯಂತೆ ಇಪ್ಪತ್ತು ಸಲ ಹೀಗೆ ಮಾಡಿ, ನೋಟ್‌ಪುಸ್ತಕದಲ್ಲಿ ಗೆರೆ ಎಳೆದು ‘ಬಂತು’, ‘ಬರಲಿಲ್ಲ’ ಎಂದು ಬರೆದರು. ಇಪ್ಪತ್ತೂ ‘ಬಂತು’. ರಾತ್ರಿಯೆಲ್ಲ ಮಲಗಿಸಿ ಬೆಳಿಗ್ಗೆಯೂ ನೋಡಿದೆವು; ಅರ್ಧ ನಿಮಿಷದ ನಿದ್ದೆಗೂ ಹತ್ತು ಗಂಟೆಯ ನಿದ್ದೆಗೂ ವ್ಯತ್ಯಾಸವಿರಬಹುದಾದ ಕಾರಣ ಇದೂ ಬೇಕು.

ನಿಮ್ಮ ಯಂತ್ರದ ಕೊಂಡಿ ಬೇರೆಯದಾಗಿರಬಹುದು. ಅಂತಹ ಕೆಲವನ್ನು ಹೇಳಿಬಿಡುತ್ತೇವೆ. ಎದ್ದ ಮೇಲೆ ವೈಫೈ ಸೇರಿದರೂ ತೀರ ನಿಧಾನವಾಗಿದ್ದರೆ, ಇಲ್ಲವೆ ಆಗಾಗ ಕಡಿದುಹೋಗುತ್ತಿದ್ದರೆ, ಕಾರ್ಡಿನ ವಿದ್ಯುತ್ ಉಳಿತಾಯದ ಕ್ರಮವನ್ನು ಶಂಕಿಸಬೇಕು. ನೆಟ್‌ವರ್ಕ್‌ಮ್ಯಾನೇಜರಿನ ಸಂರಚನೆಯಲ್ಲಿ ‘ವೈಫೈ ಚುಕ್ಕೆ ಪವರ್‌ಸೇವ್’ ಎಂಬುದಕ್ಕೆ 3 ಎಂದಿದ್ದರೆ ಉಳಿತಾಯ ಚಾಲ್ತಿಯಲ್ಲಿದೆ. 2 ಎಂದು ಬದಲಿಸಿದರೆ ನಿಲ್ಲುತ್ತದೆ. ಬ್ಯಾಟರಿ ಸ್ವಲ್ಪ ಬೇಗ ಇಳಿಯುವುದು, ಅಷ್ಟೆ.

ವೈಫೈಯ ಚಿಹ್ನೆ ಪೂರ್ತಿ ಕಾಣುತ್ತಿದ್ದು ಪುಟ ಮಾತ್ರ ತೆರೆಯದಿದ್ದರೆ ಕಾರ್ಡಿನ ತಂಟೆಗೆ ಹೋಗಲೇಬೇಡಿರಿ. ‘ಐಪಿ ರೌಟ್’ ಎಂದರೆ ರೌಟರಿನ ವಿಳಾಸ ಕಾಣುತ್ತದೆ. ಅದಕ್ಕೆ ‘ಪಿಂಗ್’ ಮಾಡಿರಿ. ಉತ್ತರ ಬಂದರೆ ದಾರಿ ಸರಿಯಿದೆ, ಹೆಸರು ಹುಡುಕುವ ಸೇವೆಯೋ ರೌಟರಿನ ಆಚೆಯ ತಂತಿಯೋ ಕೆಟ್ಟಿದೆ. ಉತ್ತರ ಬಾರದಿದ್ದರೆ ವೈಫೈಯನ್ನು ಬಿಡಿಸಿ ಮತ್ತೆ ಸೇರಿಸಿ ಹೊಸ ವಿಳಾಸ ಪಡೆಯಬೇಕು. ರೈಲು ನಿಲ್ದಾಣದಂತಹ ಕಡೆ ವೈಫೈ ಸೇರಿದ ಮೇಲೂ ಮೊಬೈಲ್ ಸಂಖ್ಯೆ ಕೇಳುವ ಪುಟವೊಂದು ಬರುತ್ತದಷ್ಟೆ? ನಿದ್ದೆಯಿಂದೆದ್ದ ಮೇಲೆ ಅದನ್ನು ಮತ್ತೊಮ್ಮೆ ತುಂಬಬೇಕಾಗುವುದುಂಟು. ಅದು ದೋಷವಲ್ಲ.

ಕಾರ್ಡು ‘ಎಲ್‌ಎಸ್‌ಪಿಸಿಐ’ ಪಟ್ಟಿಯಿಂದಲೇ ಮಾಯವಾಗಿದ್ದರೆ ವಿಷಯ ಗಡುಸು. ದಿನಚರಿಯಲ್ಲಿ ‘ಡಿ3ಕೋಲ್ಡ್‌ನಿಂದ ಡಿ0ಗೆ ಬದಲಾಯಿಸಲಾಗಲಿಲ್ಲ’ ಎಂಬರ್ಥದ ಇಂಗ್ಲಿಷ್ ಸಾಲಿದ್ದರೆ, ವಿದ್ಯುತ್ತು ಪೂರ್ತಿ ಕಡಿದ ಸ್ಥಿತಿಯಿಂದ ಕಾರ್ಡು ಮೇಲೇಳಲಿಲ್ಲವೆಂದು ಅರ್ಥ. ಚಾಲಕನನ್ನು ಬದಲಿಸಿ ಇಲ್ಲಿ ಫಲವಿಲ್ಲ. ಬಾವಿಯೇ ಇಲ್ಲದ ಮೇಲೆ ಕೊಳವೆಗೆ ನೀರು ಹೊಯ್ದಂತೆ. ಇಂತಹ ಕಡೆ ನಿದ್ದೆಯ ಬಗೆಯನ್ನು ಬದಲಿಸಿ ನೋಡಬಹುದು. ‘ಸಿಸ್’ ಒಳಗಿನ ‘ಪವರ್’ ಒಳಗಿನ ‘ಮೆಮ್_ಸ್ಲೀಪ್’ ಎಂಬ ಕಡತವನ್ನು ಓದಿದರೆ ‘ಎಸ್2ಐಡಲ್’, ‘ಡೀಪ್’ ಎಂಬ ಎರಡು ಪದಗಳಲ್ಲಿ ಯಂತ್ರಕ್ಕೆ ಯಾವುವು ಬರುತ್ತವೆಂಬುದೂ, ಚೌಕ ಆವರಣದಲ್ಲಿ ಈಗ ಯಾವುದು ಚಾಲ್ತಿಯಲ್ಲಿದೆಯೆಂಬುದೂ ತಿಳಿಯುತ್ತದೆ. ಎರಡೂ ಇದ್ದರೆ ಒಂದನ್ನು ಬಿಟ್ಟು ಇನ್ನೊಂದನ್ನು ಪರೀಕ್ಷಿಸಿರಿ. ಯಂತ್ರದ ಬಯೋಸನ್ನು ನವೀಕರಿಸುವುದೂ ಒಂದು ದಾರಿ. ಆದರೆ ಅದನ್ನು ದೊಡ್ಡವರು ಜೊತೆಗಿದ್ದು, ಚಾರ್ಜರು ಸಿಕ್ಕಿಸಿಕೊಂಡೇ ಮಾಡತಕ್ಕದ್ದು. ನಡುವೆ ವಿದ್ಯುತ್ತು ಹೋದರೆ ಯಂತ್ರವೇ ಹೋದೀತು.

‘ಸುಡೊ’ ಎಂಬ ಮಾತಿನ ವಿಷಯದಲ್ಲಿಯೂ ಎಚ್ಚರಿಕೆ ಅವಶ್ಯ. ಅದು ಮನೆಯ ಯಜಮಾನನ ಮುದ್ರೆ. ಒತ್ತಿದ ಮೇಲೆ ಯಂತ್ರವು ತಿರುಗಿ ಪ್ರಶ್ನಿಸುವುದಿಲ್ಲ. ಎಲ್ಲಿಯೋ ಕಂಡ ಸಾಲನ್ನು ಅರ್ಥ ತಿಳಿಯದೆ ಅದರೊಡನೆ ಒತ್ತುವುದನ್ನು ನಾವು ಒಪ್ಪುವುದಿಲ್ಲ. ಒಂದು ಸಲಕ್ಕೆ ಒಂದೇ ಬದಲಾವಣೆ, ಅದೂ ನೋಟ್‌ಪುಸ್ತಕದಲ್ಲಿ ಬರೆದ ಮೇಲೆ. ಮೂರು ಬದಲಾವಣೆ ಒಟ್ಟಿಗೆ ಮಾಡಿ ಗುಣವಾದರೆ ಯಾವುದರಿಂದ ಗುಣವಾಯಿತೆಂದು ಯಾರು ಹೇಳಬೇಕು?

ನಮ್ಮ ಆ ಚಿಕ್ಕ ಕಡತವು ತೇಪೆಯೇ ಹೊರತು ಹೊಸ ಬಟ್ಟೆಯಲ್ಲವೆಂಬುದನ್ನೂ ಹೇಳಬೇಕು. ನಿಜವಾದ ತಪ್ಪು ಚಾಲಕನ ಬರವಣಿಗೆಯಲ್ಲಿದೆ. ಲಿನಕ್ಸಿನ ಚಾಲಕರ ಬರವಣಿಗೆ ಬಹಿರಂಗವಾದುದರಿಂದ, ದಿನಚರಿಯ ಆ ಐದಾರು ಸಾಲುಗಳನ್ನು ಕರ್ನೆಲಿನ ಆವೃತ್ತಿಯ ಸಂಖ್ಯೆಯೊಡನೆ ತಯಾರಕರಿಗೆ ಕಳುಹಿಸಿದರೆ, ಮುಂದಿನ ಆವೃತ್ತಿಯಲ್ಲಿ ತಿದ್ದುಪಡಿ ಬರಬಹುದು. ಒಂಬತ್ತನೆಯ ತರಗತಿಯ ಇಬ್ಬರು ಮಕ್ಕಳು ಅದನ್ನು ಇಂಗ್ಲಿಷಿನಲ್ಲಿ ಬರೆದರು. ನಾಲ್ಕು ಸಲ ತಿದ್ದಿ ಕಳುಹಿಸಿದೆವು. ಕೆಲವೊಮ್ಮೆ ಇದಕ್ಕೆ ತದ್ವಿರುದ್ಧವೂ ಆಗುತ್ತದೆ: ಸರಿಯಿದ್ದ ವೈಫೈ ಹೊಸ ಕರ್ನೆಲ್ ಬಂದ ಮೇಲೆ ಕೆಡುತ್ತದೆ. ಆಗ ಯಂತ್ರ ಹೊತ್ತುವಾಗ ಬರುವ ಪಟ್ಟಿಯಲ್ಲಿ ಹಿಂದಿನ ಕರ್ನೆಲನ್ನು ಆರಿಸಿ ಪರೀಕ್ಷಿಸಬಹುದು. ಸಾಮಾನ್ಯವಾಗಿ ಒಂದೆರಡು ಹಳೆಯವು ಅಲ್ಲಿ ಉಳಿದಿರುತ್ತವೆ.

ಹದಿನೈದನೆಯ ದಿನ ಸಮಿತಿಯವರ ಮುಂದೆ ಯಂತ್ರವನ್ನಿಟ್ಟೆವು. ಅಧ್ಯಕ್ಷರು ತಾವೇ ಮುಚ್ಚಳ ಹಾಕಿದರು, ಚಹಾ ಕುಡಿದರು, ತೆರೆದರು. ಮತ್ತೆ ಹಾಕಿದರು, ತೆರೆದರು. ಗುಜರಿಯ ಮಾತು ಅಲ್ಲಿಗೆ ನಿಂತಿತು. ಆ ಹುಡುಗಿಗೆ ವಿದ್ಯಾರ್ಥಿವೇತನವೂ ಬಂತು. ಆದರೆ ಅವಳು ಈಗಲೂ ಊಟಕ್ಕೆ ಹೋಗುವಾಗ ಮುಚ್ಚಳ ಹಾಕುವುದಿಲ್ಲ, ಪಕ್ಕದಲ್ಲಿ ತಂಗಿಯನ್ನು ಕಾವಲಿಗೆ ಕೂರಿಸಿ ಹೋಗುತ್ತಾಳೆ. ನಾವು ಒತ್ತಾಯಿಸಿಲ್ಲ.

ನೋಟ್‌ಪುಸ್ತಕವು ಗ್ರಂಥಾಲಯದ ಕಪಾಟಿನ ಎರಡನೆಯ ಹಲಗೆಯ ಮೇಲಿದೆ. ಆಜ್ಞೆಗಳನ್ನು ಅದರಲ್ಲಿ ಇಂಗ್ಲಿಷ್ ಅಕ್ಷರಗಳಲ್ಲಿ ಬರೆದಿದೆ. ಕೊನೆಯ ಹನ್ನೆರಡು ಪುಟಗಳು ಖಾಲಿ ಇವೆ.